ಕೆರೆಯ ನಕ್ಷೆ ಬಿಡಿಸುವ ಮೊದಲು ಕೊಳವೆ ಹುಡುಕಿ

ಬಳಕೆ ತಪ್ಪಿದ ಗಾಲ್ಫ್ ಮೈದಾನಕ್ಕೆ ಹೊಸ ಉಪಯೋಗ ಸೂಚಿಸಿ ಎಂದು ಬರುವವರು ಬಹುಮಟ್ಟಿಗೆ ಒಂದೇ ಮಾತಿನಿಂದ ಆರಂಭಿಸುತ್ತಾರೆ: ‘ಹುಲ್ಲೇ ಅಷ್ಟು ಸೊಂಪಾಗಿ ಬೆಳೆದಿತ್ತು ಅಂದ ಮೇಲೆ ಏನು ಹಾಕಿದರೂ ಬರುತ್ತೆ ಸಾರ್.’ ಕೋಲಾರ, ಚಿಕ್ಕಬಳ್ಳಾಪುರದ ಕೆರೆ ಕುಂಟೆಗಳ ಕೆಲಸದಲ್ಲೇ ಇರುವ ನನಗೆ ಈ ಮಾತು ಕೇಳಿದಾಗಲೆಲ್ಲ ತಾಳ್ಮೆ ತಪ್ಪುತ್ತದೆ. ಆ ಹುಲ್ಲು ಬೆಳೆದದ್ದು ಹಾಯಿಸಿದ ನೀರಿನಿಂದ, ಹಾಕಿದ ಗೊಬ್ಬರದಿಂದ. ಅವೆರಡೂ ನಿಂತ ಮೇಲೆ ಉಳಿಯುವುದು, ಮಳೆಯನ್ನು ಆದಷ್ಟು ಬೇಗ ಹೊರಗೆ ಸಾಗಿಸಲೆಂದೇ ಕಟ್ಟಿದ ನೆಲ.

ಮಳೆ ನಿಂತ ಸ್ವಲ್ಪ ಹೊತ್ತಿನಲ್ಲೇ ಆಟ ಮುಂದುವರಿಯಬೇಕು ಎಂಬುದು ಅಲ್ಲಿನ ಲೆಕ್ಕ. ಕುಳಿಯಿರುವ ‘ಗ್ರೀನ್’ ಭಾಗವನ್ನು ಅಮೆರಿಕದ ಗಾಲ್ಫ್ ಸಂಘವು 1960ರಲ್ಲಿ ಪ್ರಕಟಿಸಿದ ಮಾದರಿಯಂತೆ ಕಟ್ಟಿದ್ದರೆ, ಮೇಲೆ ಸುಮಾರು 12 ಅಂಗುಲ ಮರಳು ಮಣ್ಣು, ಅದರಡಿ 4 ಅಂಗುಲ ಜಲ್ಲಿ, ಅದಕ್ಕೂ ಕೆಳಗೆ ತೂತುಗಳಿರುವ ಕೊಳವೆಗಳ ಸಾಲು ಇರುತ್ತದೆ. ಚೆಂಡು ಹೊಡೆಯುತ್ತ ಗ್ರೀನ್‌ನತ್ತ ಸಾಗುವ ಉದ್ದನೆಯ ಹುಲ್ಲುಹಾಸು, ಅಂದರೆ ‘ಫೇರ್‌ವೇ’ಯ ತಗ್ಗುಗಳಲ್ಲೂ ಇಂಥ ಕೊಳವೆಗಳು ಹೂತಿರಬಹುದು. ಮೈದಾನಕ್ಕೆ ಬೀಗ ಬಿದ್ದ ಮಾತ್ರಕ್ಕೆ ಅವು ಕೆಲಸ ನಿಲ್ಲಿಸುವುದಿಲ್ಲ. ಅವುಗಳ ಮೇಲೆ ಕುಂಟೆ ತೋಡಿದರೆ ನೀರು ನಿಲ್ಲುವುದಿಲ್ಲ, ಸಸಿ ನೆಟ್ಟರೆ ಬೇರಿಗೆ ತೇವ ದಕ್ಕುವುದಿಲ್ಲ. ಸಾಲದ್ದಕ್ಕೆ ಆ ಬೆಲೆಬಾಳುವ ಹುಲ್ಲು ಹೆಚ್ಚಿನ ಕಡೆ ನಮ್ಮ ಗರಿಕೆಯ ಜಾತಿಯದೇ ಆಗಿರುತ್ತದೆ, ಸಸಿಯ ಪಾಲಿನ ನೀರನ್ನು ಅದು ಬಿಟ್ಟುಕೊಡುವುದು ಅಷ್ಟರಲ್ಲೇ ಇದೆ.

ಒಂದು ಸಮಿತಿಯವರು ತಂದ ನಕ್ಷೆಯಲ್ಲಿ ಕೆರೆಯನ್ನು ಇಡೀ ಜಾಗದ ಅತಿ ಎತ್ತರದ ದಿಣ್ಣೆಯ ಮೇಲೆ ಬಿಡಿಸಿದ್ದರು. ಕಾರಣ ಕೇಳಿದರೆ, ಅಲ್ಲಿಂದ ನಂದಿಬೆಟ್ಟ ಚೆನ್ನಾಗಿ ಕಾಣುತ್ತದೆ ಎಂದರು. ಒಬ್ಬೊಬ್ಬರೂ ತಂದೆತಾಯಿಯ ಹೆಸರಿನಲ್ಲಿ ಒಂದೊಂದು ಹೊಂಗೆಯ ಸಸಿಯ ಖರ್ಚು ಹೊರಲು ಸಿದ್ಧರಿದ್ದ ಆ ಹಿರಿಯರ ಮೇಲೆ ಸಿಟ್ಟಾಗುವುದು ನನ್ನಿಂದಾಗಲಿಲ್ಲ. ಬೆಂಚನ್ನು ದಿಣ್ಣೆಯ ಮೇಲಿಡೋಣ, ನೀರನ್ನು ತಗ್ಗಿಗೆ ಬಿಡೋಣ ಎಂದು ರಾಜಿ ಮಾಡಿಕೊಂಡೆವು.

ಅಮೆರಿಕದ ಒಹಾಯೊದಲ್ಲಿ 2012ರಲ್ಲಿ ಕ್ಲೀವ್‌ಲ್ಯಾಂಡ್ ಮೆಟ್ರೋಪಾರ್ಕ್ಸ್ ಸಂಸ್ಥೆಯ ಕೈಸೇರಿದ, ಸುಮಾರು 155 ಎಕರೆಯ ಅಕೇಶಿಯಾ ಗಾಲ್ಫ್ ಮೈದಾನವನ್ನು ಕಾಡಾಗಿ, ಜೌಗಾಗಿ ಮರಳಿಸುವ ಕೆಲಸದಲ್ಲಿ ನೆಲದಡಿಯ ಕೊಳವೆಗಳನ್ನು ಒಡೆಯುವುದೇ ಒಂದು ಮುಖ್ಯ ಭಾಗವಾಗಿತ್ತು. ಹ್ಯೂಸ್ಟನ್ ಬಳಿಯ ಕ್ಲಿಯರ್ ಲೇಕ್‌ನಲ್ಲಿ 2005ರಲ್ಲಿ ಮುಚ್ಚಿದ ಮೈದಾನ ಇಂದು ಮಳೆನೀರು ಹಿಡಿಯುವ ಐದು ಹೊಂಡಗಳ ಉದ್ಯಾನವಾಗಿದೆ. 2017ರ ಹಾರ್ವೆ ಚಂಡಮಾರುತದಲ್ಲಿ, ಮೊದಲ ಹೊಂಡದ ಕೆಲಸ ಮುಗಿಯುವ ಮುನ್ನವೇ ಅದು ಸುತ್ತಲಿನ ಮನೆಗಳಿಗೆ ಆಸರೆಯಾಯಿತು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದೆ, ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ 2018ರಿಂದ ಕೆರೆಗಳಿಗೆ ತುಂಬಿಸಿಕೊಳ್ಳುತ್ತಿರುವ ಕೋಲಾರದವರಿಗೆ ಮಳೆನೀರನ್ನು ಹಿಡಿದಿಡುವುದರ ಬೆಲೆಯನ್ನು ನಾನು ವಿವರಿಸಬೇಕಿಲ್ಲ.

ಸೌರ ಫಲಕಗಳನ್ನೂ ಹಾಕಬಹುದು. ಜಪಾನಿನಲ್ಲಿ ಬಳಕೆ ತಪ್ಪಿದ ಗಾಲ್ಫ್ ಮೈದಾನಗಳಲ್ಲಿ ಇಂಥ ಘಟಕಗಳು ನಡೆಯುತ್ತಿವೆ. ಆದರೆ ಪಾವಗಡದ ಸೌರ ಪಾರ್ಕಿಗೆ ಸುಮಾರು 13,000 ಎಕರೆ ಒದಗಿದ್ದನ್ನು ಕಂಡ ನಮ್ಮ ಕಡೆ, ನೂರೈವತ್ತು ಎಕರೆ ಸಾರ್ವಜನಿಕ ಬಯಲಿಗೆ ಬೇಲಿ ಹಾಕುವ ಅಗತ್ಯ ನನಗೆ ಕಾಣುವುದಿಲ್ಲ.

ಆದ್ದರಿಂದ ಮೊದಲ ಹಂಗಾಮಿನಲ್ಲಿ ಏನನ್ನೂ ತೋಡಬೇಡಿ, ಏನನ್ನೂ ನೆಡಬೇಡಿ. ಜೋರು ಮಳೆಯಲ್ಲೇ ಕೊಡೆ ಹಿಡಿದು ಸುತ್ತಾಡಿ, ಕೊಳವೆಗಳ ಬಾಯಿ ಯಾವ ಕಾಲುವೆಗೆ ತೆರೆದಿದೆ ಎಂದು ಗುರುತು ಹಾಕಿ. ಅವುಗಳನ್ನು ಮುಚ್ಚುವ ಮುನ್ನ ತಿಳಿದ ಎಂಜಿನಿಯರೊಬ್ಬರಿಂದ ಕೋಡಿಯ ಲೆಕ್ಕ ಮಾಡಿಸಿ, ಏಕೆಂದರೆ ಕೆಳಭಾಗದಲ್ಲಿ ಮನೆಗಳಿದ್ದರೆ ತಡೆದ ನೀರು ಏರಿ ಅವುಗಳತ್ತ ನುಗ್ಗಬಹುದು. ಗ್ರೀನ್‌ಗಳ ಮಣ್ಣನ್ನು ಉಳಿದ ಮಣ್ಣಿನೊಡನೆ ಬೆರೆಸದೆ ಪ್ರತ್ಯೇಕವಾಗಿ ಪರೀಕ್ಷೆಗೆ ಕಳುಹಿಸಿ. ಹಳೆಯ ಮೈದಾನಗಳಲ್ಲಿ ಪಾದರಸದ ಶಿಲೀಂಧ್ರನಾಶಕ, ಆರ್ಸೆನಿಕ್ ಇರುವ ಕಳೆನಾಶಕಗಳನ್ನು ಬಳಸಿದ ಉದಾಹರಣೆಗಳಿವೆ. ವರದಿ ಕೈಸೇರುವವರೆಗೆ ಅಲ್ಲಿ ಸೊಪ್ಪು ತರಕಾರಿ ಬೆಳೆಯುವುದಾಗಲಿ, ಹಸುಗಳನ್ನು ಮೇಯಲು ಬಿಡುವುದಾಗಲಿ ಬೇಡ.