ಒಂದು ಗೊಂಡೆಯೊಳಗೆ ಎಷ್ಟು ಹೂ?

ಉಡುಪಿಯ ಪೇಟೆಯಲ್ಲಿ ಮಲ್ಲಿಗೆಗೆ ಎಣಿಕೆಯ ಲೆಕ್ಕವಿದೆ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನವರಾತ್ರಿ ಬಂತೆಂದರೆ ಘಟ್ಟದ ಮೇಲಿನಿಂದ ಬಂದು ರಸ್ತೆಬದಿಯಲ್ಲಿ ರಾಶಿ ಬೀಳುವ ಗೊಂಡೆಗೂ ಸೇವಂತಿಗೆಗೂ ಇಂಥ ಎಣಿಕೆಯಿಲ್ಲ. ಅವನ್ನು ಮೊಳ ಹಾಕಿ ಕೊಡುತ್ತಾರೆ. ಸಸ್ಯಶಾಸ್ತ್ರದ ಲೆಕ್ಕ ಹಿಡಿದು ಗೊಂಡೆಯನ್ನೂ ಎಣಿಸಿಯೇ ಮಾರಬೇಕೆಂದು ಹೊರಟರೆ ವ್ಯಾಪಾರಿಯ ಕತೆ ಮುಗಿದಂತೆ, ಏಕೆಂದರೆ ನಾವು ಒಂದು ಹೂವೆಂದು ಕೈಗೆತ್ತಿಕೊಳ್ಳುವ ಗೊಂಡೆಯಲ್ಲಿ ಇರುವುದು ನೂರಾರು ಹೂಗಳು.

ಇದನ್ನು ನಂಬಲು ಪ್ರಯೋಗಾಲಯ ಬೇಕಿಲ್ಲ, ಆಯುಧಪೂಜೆಯ ಮಾಲೆಯೊಂದು ಒಣಗಿದರೆ ಸಾಕು. ಬಾಡಿದ ಗೊಂಡೆಯನ್ನು ಬಾವಿಕಟ್ಟೆಯ ಬದಿಯಲ್ಲಿ ಉದುರಿಸಿ ಗಿಡ ಮಾಡುವ ರೂಢಿ ನಮ್ಮ ಮನೆಗಳಲ್ಲಿದೆ. ಹಾಗೆ ಉದುರಿಸುವಾಗ ಒಂದು ಎಸಳನ್ನು ಹಿಡಿದು ಮೆಲ್ಲನೆ ಎಳೆಯಿರಿ: ಒಣಗಿದ ಎಸಳಿನ ಬುಡಕ್ಕೆ ಕಡ್ಡಿಯಂಥ ಕಪ್ಪು ಬೀಜವೊಂದು ಅಂಟಿಕೊಂಡೇ ಬರುತ್ತದೆ. ದಾಸವಾಳದ ಎಸಳನ್ನು ಎಷ್ಟು ಕಿತ್ತರೂ ಅದರ ಬುಡದಲ್ಲಿ ಬೀಜ ಸಿಗುವುದಿಲ್ಲ, ಏಕೆಂದರೆ ಬೀಜ ಕಟ್ಟುವುದು ಎಸಳಿನ ಕೆಲಸವಲ್ಲ, ಹೂವಿನ ಅಂಡಾಶಯದ ಕೆಲಸ. ಎಸಳಿಗೊಂದು ಬೀಜ ಇದೆಯೆಂದಾದರೆ, ಆ ಎಸಳೇ ಒಂದು ಹೂವಾಗಿರಬೇಕು. ತಾಜಾ ಗೊಂಡೆಯಲ್ಲಿ ಅದೇ ಎಸಳಿನ ಬುಡವನ್ನು ನೋಡಿದರೆ ಎರಡಾಗಿ ಸೀಳಿದ ತುದಿಯ ಎಳೆಯೊಂದು ಇಣುಕುತ್ತಿರುತ್ತದೆ. ಅದು ಆ ಕಿರುಹೂವಿನ ಶಲಾಕಾಗ್ರ, ಎಂದರೆ ಪರಾಗವನ್ನು ಸ್ವೀಕರಿಸುವ ಹೆಣ್ಣು ಭಾಗದ ತುದಿ. ಕಪ್ಪು ಕಡ್ಡಿಯನ್ನು ಬೀಜವೆನ್ನುವುದು ಕೂಡ ವಾಡಿಕೆಯ ಮಾತು. ನಿಜಕ್ಕೆ ಅದು ಒಂದೇ ಬೀಜವನ್ನು ಒಳಗಿಟ್ಟುಕೊಂಡ ಒಣ ಹಣ್ಣು.

ಅನೇಕ ಹೂಗಳು ಒಂದು ಕಾಂಡಕ್ಕೆ ಸೇರಿಕೊಳ್ಳುವುದು ನಮಗೆ ಹೊಸತೇನಲ್ಲ. ದೈವದ ಕೋಲದಲ್ಲಿ ಬಳಸುವ ಹಿಂಗಾರವನ್ನು ಕಂಡವರು ಅಡಿಕೆಯ ಹೂ ಗೊಂಚಲು ಎಂದೇ ಹೇಳುತ್ತಾರೆ, ಒಂದು ಹೂವೆಂದು ಯಾರೂ ಅನ್ನುವುದಿಲ್ಲ. ಕೇಪಳದ ಗೊಂಚಲಿನಲ್ಲೂ ಹೂಗಳು ಬಿಡಿಬಿಡಿಯಾಗಿಯೇ ಕಾಣುತ್ತವೆ. ಗೊಂಡೆಯ ಕುಟುಂಬವಾದ ಆಸ್ಟರೇಸಿಯಲ್ಲಿ ಮಾತ್ರ ಗೊಂಚಲಿನ ಕಾಂಡವು ಕುಗ್ಗಿ, ಅಗಲವಾಗಿ, ತಟ್ಟೆಯ ಹಾಗೋ ದಿಬ್ಬದ ಹಾಗೋ ಆಗಿ, ತೊಟ್ಟಿಲ್ಲದ ಕಿರುಹೂಗಳೆಲ್ಲ ಅದರ ಮೇಲೆ ಒತ್ತೊತ್ತಾಗಿ ಕುಳಿತು, ಒಟ್ಟು ಸಂಸಾರವೇ ಒಂದು ಹೂವಿನ ವೇಷ ಹಾಕಿದೆ. ಈ ರಚನೆಗೆ ಕ್ಯಾಪಿಟ್ಯುಲಂ ಎಂದು ಹೆಸರು. ಮಾಲೆ ಕಟ್ಟುವವರು ಸೂಜಿ ಚುಚ್ಚುವ ಹಸಿರು ಬಟ್ಟಲು ಕೂಡ ಒಂದು ಹೂವಿನದ್ದಲ್ಲ. ಇಡೀ ಗೊಂಚಲನ್ನು ಸುತ್ತುವರಿದ ಎಲೆಗಳು ಒಂದಕ್ಕೊಂದು ಬೆಸೆದು ಆದ ಬಟ್ಟಲು ಅದು, ಮತ್ತು ಅದರ ಮೈಮೇಲಿನ ತೈಲಗ್ರಂಥಿಗಳಿಂದಲೇ ಕೈಗೆ ಆ ಗಾಢ ವಾಸನೆ ಅಂಟುತ್ತದೆ.

ಇದರೊಳಗಿನ ಕೆಲಸದ ಹಂಚಿಕೆಯನ್ನು ನೋಡಲು ಗೊಂಡೆಗಿಂತಲೂ ಒಳ್ಳೆಯ ಪಾಠ ಮುರಕಲ್ಲಿನ ಪಾಗಾರದ ಬುಡದಲ್ಲಿ ಬೆಳೆಯುವ ಟ್ರೈಡಾಕ್ಸ್ ಕಳೆ. ಉದ್ದ ತೊಟ್ಟಿನ ತುದಿಯಲ್ಲಿ ಹಳದಿ ಗುಂಡಿ, ಅದರ ಸುತ್ತ ಸಾಮಾನ್ಯವಾಗಿ ಐದು ಮಾಸಲು ಬಿಳಿ ಎಸಳು, ಪ್ರತಿ ಎಸಳಿನ ತುದಿಯಲ್ಲಿ ಮೂರು ಹಲ್ಲು. ಅಂಚಿನ ಆ ಎಸಳುಗಳು ಹೆಣ್ಣು ಕಿರುಹೂಗಳು. ದೂರದಿಂದ ಕೀಟಗಳನ್ನು ಕರೆಯುವ ಕೆಲಸವೂ ಅವುಗಳದ್ದೇ. ನಡುವಿನ ಹಳದಿ ಗುಂಡಿಯಲ್ಲಿರುವುದು ಕೊಳವೆಯಾಕಾರದ ಕಿರುಹೂಗಳು, ಒಂದೊಂದರಲ್ಲೂ ಗಂಡು ಹೆಣ್ಣು ಎರಡೂ ಭಾಗಗಳಿವೆ. ಯುರೋಪಿನ ಹುಲ್ಲುಹಾಸಿನ ಡೇಸಿಯದ್ದೂ ಇದೇ ಕಟ್ಟಡ. ಆದರೆ ಎಲ್ಲ ಮನೆಗಳಲ್ಲೂ ಹಂಚಿಕೆ ಒಂದೇ ಅಲ್ಲ: ಸೂರ್ಯಕಾಂತಿಯ ಅಂಚಿನ ಹೂಗಳು ಬರಡು, ಬರೀ ಬಾವುಟ, ಸಹದೇವಿಯಲ್ಲಿಯೂ ನಮ್ಮೂರಿನವರು ಕಮ್ಯುನಿಸ್ಟ್ ಗಿಡವೆನ್ನುವ ಪೊದೆಯಲ್ಲಿಯೂ ಅಂಚಿನ ಎಸಳುಗಳೇ ಇಲ್ಲ, ಎಲ್ಲವೂ ಕೊಳವೆ.

ಕೊಳವೆಯ ಕಿರುಹೂವೊಂದರ ಒಳಗೆ ನಡೆಯುವ ಕೆಲಸ ನನಗೆ ಈ ಇಡೀ ಕುಟುಂಬದಲ್ಲೇ ಅತ್ಯಂತ ಚಂದದ ಸಂಗತಿಯಾಗಿ ಕಂಡಿದೆ. ಅದರ ಐದು ಪರಾಗಕೋಶಗಳು ಪಕ್ಕಕ್ಕೆ ಪಕ್ಕ ಅಂಟಿಕೊಂಡು ಒಂದು ನಳಿಗೆಯಾಗಿವೆ. 18ನೇ ಶತಮಾನದಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಇಂಥ ಸಸ್ಯಗಳಿಗೆ ಪ್ರತ್ಯೇಕ ವರ್ಗ ಮಾಡಿದ್ದು ಈ ಅಂಟಿಕೆಯ ಆಧಾರದಲ್ಲೇ. ಪರಾಗ ಸುರಿಯುವುದು ನಳಿಗೆಯ ಒಳಕ್ಕೆ. ಬಳಿಕ ಶಲಾಕಾಗ್ರವನ್ನು ಹೊತ್ತ ಕಡ್ಡಿಯಾದ, ತುದಿ ಮುಚ್ಚಿಕೊಂಡಿರುವ ಶಲಾಕೆಯು ಕೆಳಗಿನಿಂದ ಬೆಳೆಯುತ್ತ, ಒತ್ತು ಶ್ಯಾವಿಗೆಯ ಒರಳಿನಲ್ಲಿ ಹಿಟ್ಟನ್ನು ಒತ್ತುವಂತೆ, ಪರಾಗವನ್ನು ಮೇಲಕ್ಕೆ ತಳ್ಳಿ ಹೊರಗಿಡುತ್ತದೆ. ಸೂರ್ಯಕಾಂತಿಯಲ್ಲಿ ಮೊದಲ ದಿನ ಹೀಗೆ ಗಂಡಾಗಿದ್ದ ಕಿರುಹೂ ಮರುದಿನ ಶಲಾಕೆಯ ತುದಿಯನ್ನು ಎರಡಾಗಿ ಬಿಡಿಸಿ ಹೆಣ್ಣಾಗುತ್ತದೆ. ಬಿಡಿಸಿದ ಒಳಮೈಯಷ್ಟೇ ಪರಾಗವನ್ನು ಸ್ವೀಕರಿಸುವುದರಿಂದ, ತಳ್ಳುವಾಗ ಸವರಿಕೊಂಡ ತನ್ನದೇ ಪರಾಗ ಹೊರಮೈಯಲ್ಲೇ ಉಳಿಯುತ್ತದೆ.

ಅರಳುವಿಕೆ ಅಂಚಿನಿಂದ ನಡುವಿಗೆ, ಸುತ್ತು ಸುತ್ತಾಗಿ ಸಾಗುತ್ತದೆ. ಆದ್ದರಿಂದ ಒಂದೇ ತಟ್ಟೆಯಲ್ಲಿ ಹೊರಗಿನ ಸುತ್ತು ಹೆಣ್ಣಾಗಿರುವಾಗ ಒಳಗಿನ ಸುತ್ತು ಗಂಡಾಗಿದ್ದು, ತೀರಾ ನಡುವಿನವು ಇನ್ನೂ ಮೊಗ್ಗಾಗಿರುತ್ತವೆ. ಸಾವಿರಕ್ಕೂ ಹೆಚ್ಚು ಕಿರುಹೂಗಳಿರುವ ಸೂರ್ಯಕಾಂತಿಗೆ ವಾರದ ಹೊತ್ತು ಜೇನುನೊಣಗಳು ಬರುತ್ತಲೇ ಇರುವುದು ಇದರಿಂದ. ಬಂದ ನೊಣವೂ ಹಾರದೆ, ನಡೆದೇ ಹತ್ತಾರು ಹೂಗಳನ್ನು ಮುಟ್ಟುತ್ತದೆ.

ಹಾಗಾದರೆ ಪೇಟೆಯ ದಪ್ಪ ಗೊಂಡೆಯಲ್ಲಿ ನಡುವಿನ ತಟ್ಟೆ ಎಲ್ಲಿ ಹೋಯಿತು? ಸುಳಿವು ಸೂರ್ಯಕಾಂತಿಯಲ್ಲಿ ಸಿಕ್ಕಿತು. ಡಚ್ ಚಿತ್ರಕಾರ ವ್ಯಾನ್ ಗೋ 1888ರಲ್ಲಿ ಬರೆದ ಸೂರ್ಯಕಾಂತಿ ಚಿತ್ರಗಳಲ್ಲಿ ಕೆಲವು ಹೂಗಳು ನಡುವಿನವರೆಗೂ ಎಸಳೇ ಆಗಿವೆ. ಅಂಥ ಗಿಡಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟವಾದ ಅಧ್ಯಯನವು, ಅಂಚಿನ ಹೂವಿಗೆ ಚಾಚಿದ ಎಸಳಿನ ರೂಪ ಕೊಡುವ ಜೀನ್ ಒಂದು ಅಲ್ಲಿ ತಟ್ಟೆಯ ತುಂಬ ಕೆಲಸ ಮಾಡುತ್ತಿದೆಯೆಂದು ತೋರಿಸಿತು. ಗೊಂಡೆ, ಸೇವಂತಿಗೆ, ಡೇಲಿಯಾ, ಜೀನಿಯಾಗಳಲ್ಲೂ ತೋಟಗಾರರು ತಲೆಮಾರುಗಳಿಂದ ಆರಿಸುತ್ತ ಬಂದದ್ದು ಇಂಥ ತುಂಬು ರೂಪವನ್ನೇ. ಕಣ್ಣಿಗೆ ಹಬ್ಬವೇನೋ ಹೌದು. ಆದರೆ ಪರಾಗ ಇರುವುದು ಕೊಳವೆಯ ಹೂಗಳಲ್ಲಾದ್ದರಿಂದ, ಎಸಳು ಹೆಚ್ಚಿದಷ್ಟೂ ಜೇನಿನ ಪಾಲಿಗೆ ಊಟ ಕಡಿಮೆ.

ಬಾವಿಕಟ್ಟೆಯ ಬದಿಗೆ ಉದುರಿಸಿದ ಬೀಜದಿಂದ ಬರುವ ಗಿಡಗಳೆಲ್ಲ ತಾಯಿಯಂತೆಯೇ ತುಂಬು ಹೂ ಬಿಡಬೇಕೆಂದಿಲ್ಲ. ಕೆಲವದರಲ್ಲಿ ಒಂದೋ ಎರಡೋ ಸುತ್ತು ಎಸಳು, ನಡುವೆ ಬೋಳು ಹಳದಿ ತಟ್ಟೆ. ಮಾಲೆಗೆ ಆಗದ ಹೂವೆಂದು ಮನೆಯವರು ಅದನ್ನು ಗಿಡದಲ್ಲೇ ಬಿಡುತ್ತಾರೆ, ಚಿಟ್ಟೆಗಳು ಅದನ್ನೇ ಹುಡುಕಿಕೊಂಡು ಬರುತ್ತವೆ.