ಪ್ರೊಸೀಜರ್ ಒಳಗಿಂದ ಟೇಬಲ್ ಸೃಷ್ಟಿಸುವುದು ಹೇಗೆ, ಮತ್ತು ಯಾವಾಗ?

ಪ್ರಶ್ನೆ: ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ಖರೀದಿ ಲೆಕ್ಕವನ್ನು ನಾವು ಒರಾಕಲ್ ಡೇಟಾಬೇಸಿನಲ್ಲಿ ಇಡುತ್ತೇವೆ. ಖರೀದಿ_2023, ಖರೀದಿ_2024 ಎಂಬಂತೆ ಹಂಗಾಮಿಗೊಂದು ಟೇಬಲ್ ಇದೆ. ಹೊಸ ಹಂಗಾಮಿನ ಟೇಬಲನ್ನು ಪ್ರೊಸೀಜರ್ (ಡೇಟಾಬೇಸಿನೊಳಗೇ ಇಟ್ಟ ಪ್ರೋಗ್ರಾಂ) ತಾನೇ ಸೃಷ್ಟಿಸಲಿ ಎಂದು ಅದರೊಳಗೆ ಕ್ರಿಯೇಟ್ ಟೇಬಲ್ ಆಜ್ಞೆ ಬರೆದರೆ ಕಂಪೈಲ್ (ನಡೆಸಬಲ್ಲ ರೂಪಕ್ಕೆ ಪರಿವರ್ತನೆ) ಆಗುವುದೇ ಇಲ್ಲ. ಇದಕ್ಕೆ ದಾರಿ ಇದೆಯೇ?

ಉತ್ತರ: ದಾರಿ ಇದೆ. ಆದರೆ ಅದು ಏಕೆ ಬೇಕಾಯಿತು ಎಂಬುದನ್ನು ಮೊದಲು ತಿಳಿದರೆ ಮುಂದೆ ಎದುರಾಗುವ ತೊಡಕುಗಳೂ ಅರ್ಥವಾಗುತ್ತವೆ. ಒರಾಕಲಿನ ಪ್ರೋಗ್ರಾಮಿಂಗ್ ಭಾಷೆಯಾದ ಪಿಎಲ್/ಎಸ್‌ಕ್ಯೂಎಲ್‌ನಲ್ಲಿ ಬರೆದ ಪ್ರೊಸೀಜರನ್ನು ಒರಾಕಲ್ ಕಂಪೈಲ್ ಮಾಡುವಾಗಲೇ ಅದರಲ್ಲಿರುವ ಟೇಬಲ್, ಕಾಲಂಗಳ ಹೆಸರುಗಳನ್ನು ತನ್ನ ದಾಖಲೆಯೊಂದಿಗೆ ಹೋಲಿಸಿ ಖಚಿತಪಡಿಸಿಕೊಳ್ಳುತ್ತದೆ. ಹೀಗಾಗಿ ಸೆಲೆಕ್ಟ್, ಇನ್ಸರ್ಟ್, ಅಪ್‌ಡೇಟ್‌ನಂತಹ ಆಜ್ಞೆಗಳನ್ನು ನೇರವಾಗಿ ಬರೆಯಬಹುದಾದರೂ, ಡೇಟಾಬೇಸಿನ ರಚನೆಯನ್ನೇ ಬದಲಿಸುವ ಕ್ರಿಯೇಟ್, ಆಲ್ಟರ್, ಡ್ರಾಪ್ ಆಜ್ಞೆಗಳನ್ನು ಹಾಗೆ ಬರೆಯಲು ಅವಕಾಶವಿಲ್ಲ. ಅವುಗಳನ್ನು ಒಂದು ಪಠ್ಯವಾಗಿ ಜೋಡಿಸಿ, ಎಕ್ಸಿಕ್ಯೂಟ್ ಇಮ್ಮೀಡಿಯೇಟ್ ಎಂಬ ಆಜ್ಞೆಯ ಮೂಲಕ ಪ್ರೊಸೀಜರ್ ನಡೆಯುವ ಹೊತ್ತಿನಲ್ಲಿ ಡೇಟಾಬೇಸಿಗೆ ಒಪ್ಪಿಸಬೇಕು. ಒರಾಕಲ್ 8ಐ ಆವೃತ್ತಿಯಿಂದ ಈ ಸೌಲಭ್ಯವಿದೆ. ಅದಕ್ಕೂ ಮುಂಚೆ ಡಿಬಿಎಂಎಸ್_ಎಸ್‌ಕ್ಯೂಎಲ್ ಪ್ಯಾಕೇಜಿನಿಂದ ಇದೇ ಕೆಲಸವನ್ನು ಸುತ್ತುಬಳಸಿ ಮಾಡಬೇಕಾಗಿತ್ತು.

ಟೇಬಲ್ ಸೃಷ್ಟಿಸಿದ ಮೇಲೆ ಅದೇ ಪ್ರೊಸೀಜರಿನಲ್ಲಿ ಅದಕ್ಕೆ ಸಾಮಾನ್ಯ ಇನ್ಸರ್ಟ್ ಬರೆದರೂ ಕಂಪೈಲ್ ಆಗುವುದಿಲ್ಲ, ಏಕೆಂದರೆ ಕಂಪೈಲ್ ಆಗುವ ಗಳಿಗೆಯಲ್ಲಿ ಆ ಟೇಬಲ್ ಇನ್ನೂ ಹುಟ್ಟಿರುವುದಿಲ್ಲ. ಆ ಇನ್ಸರ್ಟನ್ನೂ ಪಠ್ಯವಾಗಿಯೇ ನಡೆಸಬೇಕು. ಆದರೆ ತೂಕ, ದರ, ಬೆಳೆಗಾರರ ಸಂಖ್ಯೆಯಂತಹ ಮೌಲ್ಯಗಳನ್ನು ಪಠ್ಯಕ್ಕೆ ಅಂಟಿಸದೆ, ಯೂಸಿಂಗ್ ಎಂಬ ಭಾಗದ ಮೂಲಕ ಬೈಂಡ್ ಮಾಡಿ, ಅಂದರೆ ಆಜ್ಞೆಯ ಪಠ್ಯದಿಂದ ಬೇರೆಯಾಗಿ ಕೇವಲ ಮೌಲ್ಯಗಳಾಗಿ, ಕಳುಹಿಸಬೇಕು.

ಇಷ್ಟಾದ ಮೇಲೂ ಬಹಳ ಮಂದಿ ಸಿಕ್ಕಿಬೀಳುವುದು ಅನುಮತಿಯ ವಿಷಯದಲ್ಲಿ. ಕ್ರಿಯೇಟ್ ಟೇಬಲ್ ಆಜ್ಞೆಯನ್ನು ನೇರವಾಗಿ ಕೊಟ್ಟಾಗ ನಡೆಯುತ್ತದೆ, ಪ್ರೊಸೀಜರ್ ಮೂಲಕ ಕೊಟ್ಟಾಗ ಅನುಮತಿ ಸಾಲದು ಎನ್ನುವ ಓಆರ್‌ಎ-01031 ದೋಷ ಬರುತ್ತದೆ. ಒಡೆಯನ ಹಕ್ಕಿನಲ್ಲಿ ನಡೆಯುವ ಪ್ರೊಸೀಜರಿನೊಳಗೆ ರೋಲ್‌ಗಳ (ಅನುಮತಿಗಳ ಕಟ್ಟುಗಳ) ಮೂಲಕ ಬಂದ ಅನುಮತಿಗಳು ಲೆಕ್ಕಕ್ಕೆ ಬಾರದಿರುವುದೇ ಇದಕ್ಕೆ ಕಾರಣ. ಪ್ರೊಸೀಜರಿನ ಒಡೆತನವಿರುವ ಬಳಕೆದಾರರಿಗೆ ಕ್ರಿಯೇಟ್ ಟೇಬಲ್ ಅನುಮತಿಯನ್ನು ನೇರವಾಗಿ ಗ್ರಾಂಟ್ ಮಾಡಿದರೆ ಸಮಸ್ಯೆ ಬಗೆಹರಿಯುತ್ತದೆ. ಪರಿಹಾರವೆಂದು ಡೇಟಾಬೇಸ್ ನಿರ್ವಾಹಕರ ಡಿಬಿಎ ರೋಲನ್ನೇ ಕೊಟ್ಟುಬಿಡುವವರಿದ್ದಾರೆ. ಅದೂ ರೋಲೇ ಆದ್ದರಿಂದ ದೋಷ ಹಾಗೆಯೇ ಉಳಿಯುತ್ತದೆ, ಅಪಾಯವೊಂದು ಹೆಚ್ಚಾಗುತ್ತದೆ.

ಇದಕ್ಕಿಂತ ಗಂಭೀರವಾದದ್ದು ಕಮಿಟ್, ಅಂದರೆ ಅಲ್ಲಿಯವರೆಗಿನ ಬದಲಾವಣೆಗಳನ್ನು ಕಾಯಂಗೊಳಿಸುವುದು. ರಚನೆ ಬದಲಿಸುವ ಯಾವುದೇ ಆಜ್ಞೆಗೆ ಮೊದಲು ಮತ್ತು ನಂತರ ಒರಾಕಲ್ ತಾನಾಗಿಯೇ ಕಮಿಟ್ ಮಾಡುತ್ತದೆ. ಬೆಳೆಗಾರರೊಬ್ಬರ ಅರೇಬಿಕಾ ಪಾರ್ಚ್‌ಮೆಂಟ್ ಮೂಟೆಗಳ ತೂಕವನ್ನು ದಾಖಲಿಸಿ, ಪಾವತಿಯ ಸಾಲನ್ನು ಇನ್ನೂ ಬರೆಯದೆ ಇರುವಾಗ ಪ್ರೊಸೀಜರ್ ನಡುವೆ ಟೇಬಲ್ ಸೃಷ್ಟಿಸಿತೆಂದರೆ, ಆ ಅರ್ಧ ವ್ಯವಹಾರ ಶಾಶ್ವತವಾಗಿ ಉಳಿಯುತ್ತದೆ. ಮುಂದೆ ಏನಾದರೂ ತಪ್ಪಾದರೆ, ಕಾಯಂ ಆಗದ ಬದಲಾವಣೆಗಳನ್ನು ರದ್ದುಮಾಡುವ ರೋಲ್‌ಬ್ಯಾಕ್ ಅದನ್ನು ಅಳಿಸಲಾರದು. ಆದ್ದರಿಂದ ಟೇಬಲ್ ಸೃಷ್ಟಿಸುವ ಕೆಲಸವನ್ನು ದಿನದ ವ್ಯವಹಾರ ಬರೆಯುವ ಪ್ರೊಸೀಜರಿನಲ್ಲಿ ಎಂದೂ ಬೆರೆಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಟೇಬಲಿನ ಹೆಸರು ಎಲ್ಲಿಂದ ಬರುತ್ತದೆ ಎಂಬುದನ್ನೂ ನೋಡಬೇಕು. ಹೆಸರುಗಳನ್ನು ಬೈಂಡ್ ಮಾಡಲು ಬರುವುದಿಲ್ಲವಾದ್ದರಿಂದ ಅವು ಪಠ್ಯಕ್ಕೆ ನೇರವಾಗಿ ಸೇರುತ್ತವೆ, ಮತ್ತು ಪರದೆಯಲ್ಲಿ ಯಾರೋ ಟೈಪಿಸಿದ್ದು ಹಾಗೆಯೇ ಸೇರಿದರೆ ಬೇರೊಂದು ಆಜ್ಞೆಯ ತುಣುಕೂ ಒಳಗೆ ಬರಬಹುದು. ಬಳಕೆದಾರರಿಂದ ಹಂಗಾಮಿನ ವರ್ಷವನ್ನು ಕೇವಲ ಸಂಖ್ಯೆಯಾಗಿ ಪಡೆದು, ಹೆಸರನ್ನು ಪ್ರೊಸೀಜರೇ ಕಟ್ಟುವುದು ಉತ್ತಮ. ಪಠ್ಯವನ್ನೇ ಪಡೆಯಬೇಕಾದರೆ ಡಿಬಿಎಂಎಸ್_ಅಸರ್ಟ್ ಪ್ಯಾಕೇಜಿನಿಂದ ಪರೀಕ್ಷಿಸಬೇಕು. ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಇಡುವವರು ಉದ್ದದ ಮಿತಿಯನ್ನೂ ಗಮನಿಸಬೇಕು: ಅದು ಬೈಟ್‌ಗಳಲ್ಲಿದೆ, ಮತ್ತು ಯುಟಿಎಫ್-8 ವ್ಯವಸ್ಥೆಯಲ್ಲಿ ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೆ 3 ಬೈಟ್ ಬೇಕು. ‘ಚಿಕ್ಕಮಗಳೂರು’ ಎಂಬ ಹೆಸರೊಂದೇ 11 ಸಂಕೇತ, ಅಂದರೆ 33 ಬೈಟ್. ಒರಾಕಲ್ 12.1ರವರೆಗೆ ಮಿತಿ 30 ಬೈಟ್ ಇದ್ದುದರಿಂದ ಅಲ್ಲಿ ಅದು ಹಿಡಿಸುವುದಿಲ್ಲ; 12.2ರಿಂದ ಮಿತಿ 128. ಪೋಸ್ಟ್‌ಗ್ರೆಸ್‌ನಲ್ಲಿ ಸಾಮಾನ್ಯ ಮಿತಿ 63 ಬೈಟ್ ಆಗಿದ್ದು, ಮೀರಿದ ಭಾಗವನ್ನು ಅದು ಸೂಚನೆಯೊಂದನ್ನು ಕೊಟ್ಟು ಕತ್ತರಿಸಿಬಿಡುತ್ತದೆ. ಒಂದೇ ರೀತಿ ಆರಂಭವಾಗುವ ಎರಡು ಉದ್ದದ ಎಸ್ಟೇಟ್ ಹೆಸರುಗಳು ಅಲ್ಲಿ ಒಂದೇ ಆಗಿಬಿಡಬಹುದು.

ಬೇರೆ ಡೇಟಾಬೇಸುಗಳಲ್ಲಿ ವಿಧಾನ ಸ್ವಲ್ಪ ಬೇರೆ. ಪೋಸ್ಟ್‌ಗ್ರೆಸ್‌ನಲ್ಲಿ ಎಕ್ಸಿಕ್ಯೂಟ್ ಜೊತೆಗೆ ಫಾರ್ಮ್ಯಾಟ್ ಫಂಕ್ಷನ್, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಎಸ್‌ಪಿ_ಎಕ್ಸಿಕ್ಯೂಟ್‌ಎಸ್‌ಕ್ಯೂಎಲ್, ಮೈಎಸ್‌ಕ್ಯೂಎಲ್‌ನಲ್ಲಿ ಪ್ರಿಪೇರ್ ಮತ್ತು ಎಕ್ಸಿಕ್ಯೂಟ್ ಇವೆ. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ ಸೃಷ್ಟಿಯನ್ನೂ ರೋಲ್‌ಬ್ಯಾಕ್ ಮಾಡಬಹುದು. ಮೈಎಸ್‌ಕ್ಯೂಎಲ್ ಒರಾಕಲಿನಂತೆ ತಾನೇ ಕಮಿಟ್ ಮಾಡುತ್ತದೆ.

ಇನ್ನು ನಿಮ್ಮ ಮೂಲ ಉದ್ದೇಶದ ಬಗ್ಗೆ. ಪ್ರತಿ ವರ್ಷ ಹೊಸ ಲೆಕ್ಕದ ಪುಸ್ತಕ ತೆರೆಯುವ ಮಂಡಿಯ ಪದ್ಧತಿಯನ್ನು ಡೇಟಾಬೇಸಿಗೂ ತಂದಂತಿದೆ ಈ ರಚನೆ, ಮತ್ತು ಅದು ನಿಮಗೆ ಬೇಕಾಗಿಲ್ಲ ಎಂದೇ ನಾನು ಹೇಳಬಯಸುತ್ತೇನೆ. ಮೂಡಿಗೆರೆಯ ಒಬ್ಬ ಬೆಳೆಗಾರರು ಕೆಲವು ಹಂಗಾಮುಗಳಲ್ಲಿ ಕೊಟ್ಟ ರೊಬಸ್ಟಾ ಚೆರ್ರಿಯ ಒಟ್ಟು ಲೆಕ್ಕ ಕೇಳಿದರೆ ಅಷ್ಟೂ ಟೇಬಲ್‌ಗಳನ್ನು ಯೂನಿಯನ್ ಆಲ್ ಎಂಬ ಆಜ್ಞೆಯಿಂದ ಒಂದರ ಕೆಳಗೊಂದು ಜೋಡಿಸಬೇಕು; ತೇವಾಂಶಕ್ಕೊಂದು ಕಾಲಂ ಸೇರಿಸಬೇಕೆಂದರೆ ಎಲ್ಲ ಟೇಬಲ್‌ಗಳನ್ನೂ ಬದಲಿಸಬೇಕು; ಕಂಪೈಲರ್ ಹಿಡಿಯಬಹುದಾಗಿದ್ದ ಅಕ್ಷರದೋಷಗಳು ಪಠ್ಯದೊಳಗೆ ಅಡಗಿ, ಖರೀದಿಯ ದಟ್ಟಣೆಯ ದಿನವೇ ಹೊರಬರುತ್ತವೆ. ಒಂದೇ ಖರೀದಿ ಟೇಬಲ್ ಇಟ್ಟು, ಅದರಲ್ಲಿ ಹಂಗಾಮು ಎಂಬ ಕಾಲಂ ಸೇರಿಸಿ, ಅದಕ್ಕೊಂದು ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಕೊಟ್ಟರೆ ಇವೆಲ್ಲ ಇಲ್ಲವಾಗುತ್ತವೆ. ಕಾಫಿಯ ವರ್ಷ ಅಕ್ಟೋಬರಿನಿಂದ ಸೆಪ್ಟೆಂಬರಿನವರೆಗೆ ಇರುವುದರಿಂದ, 2025ರ ಫೆಬ್ರವರಿಯ ಬಿಲ್ಲು 2024-25ರ ಹಂಗಾಮಿಗೆ ಸೇರುತ್ತದೆ. ದಿನಾಂಕದ ವರ್ಷವನ್ನೇ ಹಂಗಾಮು ಎಂದು ತೆಗೆದುಕೊಳ್ಳಬಾರದು. ಸಾಲುಗಳು ಕೋಟಿಗಟ್ಟಲೆ ಬೆಳೆದರೆ, ಒಂದೇ ಟೇಬಲನ್ನು ಒಳಗೆ ಭಾಗಗಳಾಗಿ ಇಡುವ ಪಾರ್ಟಿಷನಿಂಗ್ ಇದೆ: ಒರಾಕಲ್ 11ಜಿ ಆವೃತ್ತಿಯಿಂದ ಇಂಟರ್ವಲ್ ಪಾರ್ಟಿಷನ್ ಹೊಸ ಭಾಗವನ್ನು ತಾನೇ ಸೃಷ್ಟಿಸಿಕೊಳ್ಳುತ್ತದೆ. ಒಂದು ಕ್ಯೂರಿಂಗ್ ವರ್ಕ್ಸಿನ ಖರೀದಿಗೆ ಅದರ ಅಗತ್ಯ ಬೀಳುವುದು ಅಪರೂಪ.

ಟೇಬಲನ್ನು ಕೋಡಿನಿಂದಲೇ ಸೃಷ್ಟಿಸುವುದು ನ್ಯಾಯವಾಗುವ ಸಂದರ್ಭಗಳೂ ಇವೆ. ಕಾಲಂಗಳು ಏನೆಂದು ಮೊದಲೇ ತಿಳಿಯದ ಹೊರಗಿನ ಕಡತವನ್ನು ತಾತ್ಕಾಲಿಕವಾಗಿ ಇಳಿಸಿಕೊಳ್ಳುವಾಗ, ಒಂದೇ ತಂತ್ರಾಂಶವನ್ನು ಹಲವು ಗ್ರಾಹಕರ ಬಳಿ ಸ್ಥಾಪಿಸುವಾಗ ಅದು ಬೇಕು. ಅಲ್ಲಿ ಟೇಬಲ್ ಇದೆಯೇ ಎಂದು ಮೊದಲು ಹುಡುಕಿ ನಂತರ ಸೃಷ್ಟಿಸುವುದು ಸಾಲದು, ಏಕೆಂದರೆ ಆ ಎರಡರ ನಡುವೆ ಇನ್ನೊಬ್ಬರು ಸೃಷ್ಟಿಸಿರಬಹುದು. ಹೆಸರು ಈಗಾಗಲೇ ಬಳಕೆಯಲ್ಲಿದೆ ಎನ್ನುವ ಓಆರ್‌ಎ-00955 ದೋಷವನ್ನು ಎಕ್ಸೆಪ್ಷನ್ ಭಾಗದಲ್ಲಿ ಹಿಡಿದು ನಿಭಾಯಿಸಬೇಕು.

ಈಗಿರುವ ಟೇಬಲ್‌ಗಳನ್ನು ಒಂದಾಗಿಸಲು ನೀವು ಕೇಳಿದ ಉಪಾಯವೇ ನೆರವಾಗುತ್ತದೆ. ಮೊದಲು ಬ್ಯಾಕಪ್ ತೆಗೆದು, ಯೂಸರ್_ಟೇಬಲ್ಸ್ ಎಂಬ ದಾಖಲೆಯಿಂದ ಹಳೆಯ ಖರೀದಿ ಟೇಬಲ್‌ಗಳ ಹೆಸರುಗಳನ್ನು ಒಂದೊಂದಾಗಿ ಪಡೆದು, ಪ್ರತಿಯೊಂದರ ಸಾಲುಗಳನ್ನೂ ಹಂಗಾಮಿನ ಸಮೇತ ಹೊಸ ಟೇಬಲಿಗೆ ಎಕ್ಸಿಕ್ಯೂಟ್ ಇಮ್ಮೀಡಿಯೇಟ್ ಮೂಲಕ ಸೇರಿಸಿ. ಸಾಲುಗಳ ಸಂಖ್ಯೆ ಮತ್ತು ಒಟ್ಟು ತೂಕ ತಾಳೆಯಾದ ಮೇಲೆ ಹಳೆಯ ಟೇಬಲ್‌ಗಳ ಹೆಸರು ಬದಲಿಸಿ, ಅವೇ ಹಳೆಯ ಹೆಸರಿನಲ್ಲಿ ಆಯಾ ಹಂಗಾಮಿನ ಸಾಲುಗಳನ್ನಷ್ಟೇ ತೋರಿಸುವ ವ್ಯೂಗಳನ್ನು (ಟೇಬಲಿನಂತೆ ಕಾಣುವ, ಉಳಿಸಿಟ್ಟ ಪ್ರಶ್ನೆಗಳನ್ನು) ರಚಿಸಿದರೆ, ಈಗ ನಡೆಯುತ್ತಿರುವ ವರದಿಗಳನ್ನು ಕೂಡಲೇ ತಿದ್ದಬೇಕಾಗಿ ಬರುವುದಿಲ್ಲ.