ಫಿಲ್ಟರ್‌ಗೆ ಸಿಗದ ಕರೆ ಎಲ್ಲಿಗೆ ಹೋಗುತ್ತದೆ?

ಹಳೆಯ ಲಾಗ್ ಫೋಲ್ಡರ್‌ಗಳನ್ನು ಅಳಿಸುವ ಪವರ್‌ಶೆಲ್ ಸ್ಕ್ರಿಪ್ಟ್ ಒಂದಕ್ಕೆ ನಾನು ಪೆಸ್ಟರ್‌ನಲ್ಲಿ (ಪವರ್‌ಶೆಲ್ ಕೋಡನ್ನು ಪರೀಕ್ಷಿಸುವ ಸಾಧನ) ಯೂನಿಟ್ ಟೆಸ್ಟ್ ಬರೆದಿದ್ದೆ. ಅಳಿಸುವ ಕೆಲಸದ ‘ರಿಮೂವ್-ಐಟಮ್’ ಕಮಾಂಡನ್ನು ಮಾಕ್ ಮಾಡಿ (ಅಂದರೆ ಟೆಸ್ಟ್ ಓಡುವಾಗ ಅದರ ಜಾಗದಲ್ಲಿ ನಕಲಿಯೊಂದನ್ನಿಟ್ಟು), ‘ಪಾತ್’ ಪ್ಯಾರಾಮೀಟರ್‌ನಲ್ಲಿ ನಿರ್ದಿಷ್ಟ ಫೋಲ್ಡರ್ ಬಂದಾಗ ಮಾತ್ರ ಆ ಮಾಕ್ ಅನ್ವಯಿಸುವಂತೆ ‘ಪ್ಯಾರಾಮೀಟರ್‌ಫಿಲ್ಟರ್’ ಕೊಟ್ಟಿದ್ದೆ. ಮುಂದೆ ಸಹೋದ್ಯೋಗಿಯೊಬ್ಬರು ಸ್ಕ್ರಿಪ್ಟ್‌ನಲ್ಲಿ ‘-ಪಾತ್’ ತೆಗೆದು ‘-ಲಿಟರಲ್‌ಪಾತ್’ ಬಳಸಿದರು. ಹೆಸರಿನಲ್ಲಿ ಚೌಕ ಆವರಣವಿದ್ದರೆ ಅದನ್ನು ವೈಲ್ಡ್‌ಕಾರ್ಡ್ (ಹಲವು ಹೆಸರುಗಳಿಗೆ ಹೊಂದುವ ಚಿಹ್ನೆ) ಎಂದು ಭಾವಿಸದಿರಲು ಅದು ಸರಿಯಾದ ತಿದ್ದುಪಡಿಯೇ ಆಗಿತ್ತು. ಆದರೆ ಅವರು ಟೆಸ್ಟ್ ಓಡಿಸಿದಾಗ ಅವರ ಯಂತ್ರದಲ್ಲಿದ್ದ ಫೋಲ್ಡರ್ ನಿಜವಾಗಿಯೇ ಅಳಿದುಹೋಯಿತು.

ಫಿಲ್ಟರ್ ಎಂಬುದು ಒಂದು ಸ್ಕ್ರಿಪ್ಟ್ ಬ್ಲಾಕ್, ಅಂದರೆ ಕೋಡಿನ ಸಣ್ಣ ತುಣುಕು. ಸ್ಕ್ರಿಪ್ಟ್ ಕಮಾಂಡನ್ನು ಕರೆದಾಗ ಆ ಕರೆಯಲ್ಲಿ ಬಂದ ಪ್ಯಾರಾಮೀಟರ್‌ಗಳು ಅದರೊಳಗೆ ವೇರಿಯಬಲ್‌ಗಳಾಗಿ ದೊರೆಯುತ್ತವೆ. ಅದರ ಫಲಿತಾಂಶ ಸತ್ಯವಾದರೆ ಮಾಕ್ ನಡೆಯುತ್ತದೆ. ‘ಲಿಟರಲ್‌ಪಾತ್’ ಮೂಲಕ ಬಂದ ಕರೆಯಲ್ಲಿ ‘$ಪಾತ್’ ಖಾಲಿಯಾಗಿರುವುದರಿಂದ ನನ್ನ ಫಿಲ್ಟರ್ ಹೊಂದಲಿಲ್ಲ. ಯಾವ ಫಿಲ್ಟರ್ ಕೂಡ ಹೊಂದದೆ, ಫಿಲ್ಟರ್ ಇಲ್ಲದ ಮಾಕ್ ಕೂಡ ಇಲ್ಲದಿದ್ದರೆ ಪೆಸ್ಟರ್ ಅಸಲಿ ಕಮಾಂಡನ್ನೇ ಕರೆಯುತ್ತದೆ. ಇದು ದೋಷವಲ್ಲ, ಅದರ ನಿಯಮ. ‘ಮಾಕ್’ ಎಂದು ಬರೆದೊಡನೆ ಆ ಕಮಾಂಡ್ ನಿರಪಾಯವಾಯಿತೆಂದು ನಂಬಿದ್ದೇ ನನ್ನ ತಪ್ಪು.

ಅಳಿಸುವ, ನಿಲ್ಲಿಸುವ, ಕಳುಹಿಸುವ ಯಾವುದೇ ಕಮಾಂಡಿಗೆ ನಾನೀಗ ಮೊದಲು ಫಿಲ್ಟರ್ ಇಲ್ಲದ ಕಾವಲು ಮಾಕ್ ಒಂದನ್ನು ಬರೆದು, ‘ನಿರೀಕ್ಷಿಸದ ಕರೆ’ ಎಂಬ ಸಂದೇಶದೊಂದಿಗೆ ಅದರಿಂದ ಎರರ್ ಎಸೆಯಿಸುತ್ತೇನೆ. ಪೆಸ್ಟರ್ ಫಿಲ್ಟರ್ ಇರುವ ಮಾಕ್‌ಗಳನ್ನು ಕೊನೆಯದರಿಂದ ಮೊದಲಿನದರ ಕಡೆಗೆ ಪರೀಕ್ಷಿಸಿ, ಯಾವುದೂ ಹೊಂದದಿದ್ದಾಗಷ್ಟೇ ಫಿಲ್ಟರ್ ಇಲ್ಲದ್ದಕ್ಕೆ ಬರುತ್ತದೆ. ಆದ್ದರಿಂದ ಕಾವಲು ಮಾಕನ್ನು ‘ಡಿಸ್ಕ್ರೈಬ್’ (ಟೆಸ್ಟ್‌ಗಳ ಗುಂಪು) ಮಟ್ಟದಲ್ಲಿಟ್ಟು, ಪ್ರತಿ ‘ಇಟ್’ (ಒಂದೊಂದು ಟೆಸ್ಟ್) ಒಳಗೆ ಅಲ್ಲಿಗೆ ಬೇಕಾದ ಫಿಲ್ಟರನ್ನು ಸೇರಿಸಬಹುದು. ಈ ಕಾವಲು ಅಂದೇ ಇದ್ದಿದ್ದರೆ ಫೋಲ್ಡರ್ ಅಳಿಯುವ ಬದಲು ಟೆಸ್ಟ್ ವಿಫಲವಾಗಿ ಕೆಂಪಾಗುತ್ತಿತ್ತು.

ಫಿಲ್ಟರ್‌ನ ಒಳಗೂ ಎಚ್ಚರ ಬೇಕು. ಸಮವೇ ಎಂದು ಹೋಲಿಸುವ ‘-ಈಕ್ಯೂ’ ಬದಲು ಅಭ್ಯಾಸಬಲದಿಂದ ‘=’ ಬರೆದರೆ ಅದು ಹೋಲಿಕೆಯಾಗದೆ ಮೌಲ್ಯವನ್ನು ತುಂಬುವ ಕ್ರಿಯೆಯಾಗುತ್ತದೆ; ಅದರಿಂದ ಯಾವ ಫಲಿತಾಂಶವೂ ಹೊರಬಾರದ ಕಾರಣ ಫಿಲ್ಟರ್ ಎಂದಿಗೂ ಹೊಂದುವುದಿಲ್ಲ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಡಕಿದೆ. ‘ರಿಮೂವ್-ಐಟಮ್’ನ ‘ಪಾತ್’ ಒಂದೇ ಸ್ಟ್ರಿಂಗ್ (ಪಠ್ಯ) ಅಲ್ಲ, ಸ್ಟ್ರಿಂಗ್‌ಗಳ ಅರೇ (ಪಟ್ಟಿ). ಅರೇ ಮೇಲೆ ‘-ಈಕ್ಯೂ’ ಬಳಸಿದಾಗ ಹೊಂದುವ ಅಂಶಗಳಷ್ಟೇ ಮರಳುವುದರಿಂದ, ಮೂರು ಫೋಲ್ಡರ್‌ಗಳನ್ನು ಒಟ್ಟಿಗೆ ಅಳಿಸುವ ಕರೆಯಲ್ಲಿ ಒಂದು ಸರಿಯಾಗಿದ್ದರೂ ಫಿಲ್ಟರ್ ಹೊಂದಿಬಿಡುತ್ತದೆ. ಅಂಥಲ್ಲಿ ಅರೇಯ ‘ಕೌಂಟ್’ ಒಂದೇ ಎಂಬುದನ್ನೂ ನೋಡಬೇಕು.

ಟೆಸ್ಟ್‌ನ ಕೊನೆಯಲ್ಲಿ, ಮಾಕ್‌ಗೆ ಎಷ್ಟು ಬಾರಿ ಕರೆ ಬಂತೆಂದು ನೋಡುವ ‘ಶುಡ್ -ಇನ್ವೋಕ್’ಗೂ ಇಂಥದೇ ಫಿಲ್ಟರ್ ಕೊಡಬಹುದು. ‘-ಟೈಮ್ಸ್ 1’ ಎಂದಷ್ಟೇ ಬರೆದರೆ ‘ಕನಿಷ್ಠ ಒಮ್ಮೆ’ ಎಂದರ್ಥ. ಸರಿಯಾಗಿ ಒಮ್ಮೆ ಎಂದಾಗಬೇಕಾದರೆ ‘-ಎಕ್ಸಾಕ್ಟ್ಲಿ’ ಸೇರಿಸಬೇಕು. ವಿಂಡೋಸ್ 10ರ ಜೊತೆಗೇ ಬರುವ ಪೆಸ್ಟರ್ 3.4.0ರಲ್ಲಿ ಈ ಬರವಣಿಗೆ ನಡೆಯದು, 5ನೇ ಆವೃತ್ತಿ ಬೇಕು. ಕಮಾಂಡನ್ನು ಕರೆಯುವ ಫಂಕ್ಷನ್ ಒಂದು ಮಾಡ್ಯೂಲ್‌ನ (ಒಟ್ಟಿಗೆ ಕಟ್ಟಿಟ್ಟ ಕೋಡಿನ) ಒಳಗಿದ್ದರೆ ‘-ಮಾಡ್ಯೂಲ್‌ನೇಮ್’ ಕೊಡದ ಮಾಕ್ ಅಲ್ಲಿಗೆ ತಲುಪುವುದೇ ಇಲ್ಲ. ಹಾಗಾಗಿ ಕಾವಲು ಮಾಕ್‌ಗೂ ಅದೇ ಮಾಡ್ಯೂಲಿನ ಹೆಸರನ್ನು ಕೊಡಬೇಕು.